ಮೊಟ್ಟೆಗೆ ಮುತ್ತಿಡುವ ಡೌವೆ
ಫ್ರೀಸ್‌ಲ್ಯಾಂಡಿನ ಕಾಲುವೆ ದಂಡೆಯ ಡೌವೆ ತನ್ನ ಕೊಳದ ಬಾತುಗಳನ್ನು ಬೈಯದ ದಿನವಿಲ್ಲ. "ಮೊಟ್ಟೆ ಇಡೋದಷ್ಟೇ ಗೊತ್ತು, ಕಾವಿಗೆ ಕೂರೋಕೆ ಸೋಮಾರಿತನ" ಎಂದು ಗೊಣಗುತ್ತ ಅವುಗಳ ಮೊಟ್ಟೆಗಳನ್ನು ಹೇಂಟೆಗಳ ಹೊಟ್ಟೆಯಡಿ ಸರಿಸುತ್ತಾನೆ. ಹೇಂಟೆಗಳಿಗಾದರೆ "ಅಮ್ಮಾ, ತಾಯೀ" ಎಂಬ ಉಪಚಾರ. ಈಜಿ ಬಂದ ಬಾತಿನ ಒದ್ದೆ ಹೊಟ್ಟೆ ಹೇಂಟೆಗೆಲ್ಲಿಂದ ಬರಬೇಕೆಂದು ದಿನಕ್ಕೊಮ್ಮೆ ಮೊಟ್ಟೆಗಳಿಗೆ ಬೆಚ್ಚನೆ ನೀರು ಚಿಮುಕಿಸುತ್ತಾನೆ. ಹೆಂಡತಿ ಬೌಕ್ಯೆ ಕೊಟ್ಟ ಕಾಫಿ ಆರಿದರೂ ಚಿಂತೆಯಿಲ್ಲ, ಆ ನೀರು ಆರಿದರೆ ಮನೆಯೇ ಮುಳುಗಿದಂತೆ. ಮರಿಗಳು ಹೊರಬಂದರೆ ಕಿರುಬೆರಳಿನಿಂದ ತಟ್ಟೆ ಕುಕ್ಕಿ ಕುಕ್ಕಿ ತಿನ್ನಲು ಕಲಿಸುತ್ತಾನೆ. ಒಡೆಯುವ ದಿನ ಹತ್ತಿರವಾದಾಗ ಮೊಟ್ಟೆಯನ್ನು ಕಿವಿಗಿಟ್ಟು, "ಸುಮ್ನಿರೇ, ಒಳಗೆ ಮಾತಾಡ್ತಿದಾನೆ" ಎಂದು ಹೆಂಡತಿಯನ್ನು ಗದರುವುದು ನಲವತ್ತು ವರ್ಷದ ರೂಢಿ. ಈ ವಸಂತದಲ್ಲಿ ಮಾತ್ರ ಮೊಟ್ಟೆ ಕಿವಿಗೆ ಹೋಗುತ್ತಿಲ್ಲ, ತುಟಿಗೆ ಹೋಗುತ್ತಿದೆ. "ಮುದುಕ ಮೊಟ್ಟೆಗೆ ಮುತ್ತು ಕೊಡ್ತಾನೆ" ಎಂದು ನೆರೆಯವರ ಜೊತೆ ಬೌಕ್ಯೆಯೂ ನಕ್ಕಿದ್ದಳು. ನಿನ್ನೆ ಅವನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದಳು. ಅವನು ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡು, ಒಳಗಿನ ಕೊಕ್ಕು ಚಿಪ್ಪನ್ನು ತಟ್ಟುವುದನ್ನು ತುಟಿಯಲ್ಲೇ ಆಲಿಸುತ್ತಿದ್ದ. ಅವಳು ಎದುರು ಬಂದು ನಿಂತಳು, ಬಾಯಿ ಬಿಡಲಿಲ್ಲ. ಅವನು ಕಣ್ಣು ತೆರೆದು ಅವಳನ್ನು ಕಂಡ. "ಸುಮ್ನಿರೇ" ಎಂದ ಡೌವೆ, "ಒಳಗೆ ಮಾತಾಡ್ತಿದಾನೆ." ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ತಿರುಗಿ ಬೈಯಲಿಲ್ಲ.