ಹುಡುಗಿ ಎದ್ದ ಸಾಲು

“ಹಂಗಾರೆ ನಮ್ಮ ರೂತು ಯಾಕ್ ಏಳ್ಲಿಲ್ರೀ, ಅಯ್ಯನೋರೇ?”

ಓದುತ್ತಿದ್ದ ಬೈಬಲಿನಿಂದ ತಲೆಯೆತ್ತಿ ನನ್ನ ತಂಗಿ ಕೇಳಿದಳು. ಎದುರಿಗೆ ಕೂತಿದ್ದ ಪಾಸ್ಟರ್ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡರು.

ಮಗಳು ರೂತ್ ಜ್ವರದಲ್ಲಿ ತೀರಿಕೊಂಡಾಗಿನಿಂದ ತಂಗಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸೊರಬದ ಈ ಪಾಸ್ಟರ್ ಬೈಬಲಿನ ಮೂಲಕವೇ ಆಪ್ತಸಮಾಲೋಚನೆ ಮಾಡುತ್ತಾರೆಂದು ಕೇಳಿ, ಶಿಕಾರಿಪುರದಿಂದ ಬಸ್ಸಿನಲ್ಲಿ ಅವಳನ್ನು ಕರೆದೊಯ್ದಿದ್ದೆ. ಅವರು ಬುದ್ಧಿವಾದ ಹೇಳುವುದಿಲ್ಲ. ನೊಂದವರಿಂದಲೇ ವಾಕ್ಯವನ್ನು ಗಟ್ಟಿಯಾಗಿ ಓದಿಸುತ್ತಾರೆ. ಉತ್ತರ ಅದರಲ್ಲೇ ಇದೆ ಎಂಬುದು ಅವರ ನಂಬಿಕೆ. ಅಂದು ಅವರು ತೆಗೆದುಕೊಟ್ಟಿದ್ದು, ಮಗಳನ್ನು ಕಳೆದುಕೊಂಡ ತಂದೆಯೊಬ್ಬನ ಮನೆಗೆ ಯೇಸುಸ್ವಾಮಿ ಬರುವ ಭಾಗ. ಹುಡುಗಿ ಸತ್ತಿಲ್ಲ, ಮಲಗಿದ್ದಾಳೆ ಎಂದು ಹೇಳಿ ಯೇಸುಸ್ವಾಮಿ ಅವಳ ಕೈಹಿಡಿದು ಎಬ್ಬಿಸುತ್ತಾರೆ. ತಂಗಿ ಎಲ್ಲೂ ತಡವರಿಸದೆ ಓದಿದಳು. ಹುಡುಗಿ ಎದ್ದ ಸಾಲಿಗೆ ಬಂದವಳೇ ನಿಲ್ಲಿಸಿ, ಹಾಗೆ ಕೇಳಿಬಿಟ್ಟಳು.

ಅಷ್ಟು ದಪ್ಪ ಪುಸ್ತಕದಲ್ಲಿ ಇವಳಿಗೆ ಕೊಡಲು ಇದೇ ಪುಟ ಸಿಕ್ಕಿತೇ ಎಂದು ನನಗೆ ಮೈಯೆಲ್ಲ ಉರಿಯಿತು. ಪಾಸ್ಟರ್ ಗಡಿಬಿಡಿಯಲ್ಲಿ ಹಾಳೆಗಳನ್ನು ಮಗುಚುತ್ತ ಹೋದರು. ಕೊನೆಗೆ ಕನ್ನಡಕ ತೆಗೆದಿಟ್ಟು, “ನಂಗೂ ಗೊತ್ತಿಲ್ಲಮ್ಮ” ಎಂದರು.

ತಂಗಿ ಈಗಲೂ ದಿನಾ ಆ ಪುಟವನ್ನು ಗಟ್ಟಿಯಾಗಿ ಓದುತ್ತಾಳೆ. ನಾನು ಅಡುಗೆಮನೆಯಲ್ಲಿ ಕೆಲಸ ಬಿಟ್ಟು ಕೇಳುತ್ತ ನಿಲ್ಲುತ್ತೇನೆ. ಹುಡುಗಿ ಮಲಗಿದ್ದಾಳೆ ಎಂಬಲ್ಲಿಗೆ ಅವಳು ಪುಸ್ತಕ ಮುಚ್ಚಿಬಿಡುತ್ತಾಳೆ.