ಕಮರಿಪೇಟೆಯ ಅರ್ಜುನಪ್ಪ ಒಂದು ನಡಿಗೆ ಹುಡುಕಿದ್ದು

ಸೇರು, ಪಾವು ಹೋಗಿ ಕಿಲೋ ಬಂದ ಹೊಸದರಲ್ಲಿ ಹುಬ್ಬಳ್ಳಿಯ ಅಂಗಡಿಕಾರರೆಲ್ಲ ತಕ್ಕಡಿಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದರು. ಆ ಕಿಲೋದಿಂದ ಬದುಕು ಕಟ್ಟಿಕೊಳ್ಳಬೇಕೆಂದು ಹೊರಟವನು ಕಮರಿಪೇಟೆಯಲ್ಲಿ ಒಬ್ಬನೇ ಇದ್ದ, ಅವನಿಗೋ ಅಂಗಡಿಯೇ ಬೇಡವಾಗಿತ್ತು. ಅವನೇ ಅರ್ಜುನಪ್ಪ, ಹಗ್ಗದ ಗಂಗಪ್ಪನ ಒಬ್ಬನೇ ಮಗ.

ಗಂಗಪ್ಪನ ಅಂಗಡಿಯಲ್ಲಿ ಬಾವಿಯ ಹಗ್ಗ, ದನ ಕಟ್ಟುವ ಕಣ್ಣಿ, ಮೂಗುದಾರ, ಹೊರಸಿನ ನುಲಿ, ಒಟ್ಟಿನಲ್ಲಿ ಏನನ್ನಾದರೂ ಎಲ್ಲಿಯಾದರೂ ಕಟ್ಟಿಹಾಕುವ ಸಾಮಾನೆಲ್ಲ ಸಿಗುತ್ತಿತ್ತು. ಮಗನನ್ನು ಕಟ್ಟಿಹಾಕುವುದು ಮಾತ್ರ ಅವನಿಂದ ಆಗಿರಲಿಲ್ಲ. ಹುಡುಗ ದಿನಾ ಮುಂಜಾನೆ ರೈಲು ಹಿಡಿದು ಧಾರವಾಡದ ಚಿತ್ರಕಲಾ ಶಾಲೆಗೆ ಹೋಗುವನು, ಸಂಜೆ ಬೆರಳಿಗೆಲ್ಲ ಮಸಿ ಬಳಿದುಕೊಂಡು ಬರುವನು. ಗಂಗಪ್ಪ ಬಹಳ ದಿನ ಸುಮ್ಮನಿದ್ದು, ಆ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಮಾತು ಮುಗಿಸಿಬಿಟ್ಟ. "ಗೆರಿ ಎಳದದ್ದು ಸಾಕು. ದೀಪಾವಳಿ ಪಾಡ್ಯದಿಂದ ಅಂಗಡಿ ಗಾದಿ ಮ್ಯಾಲೆ ಕೂಡಬೇಕು. ನೌಕರಿ ಸಿಕ್ಕಿತಂದ್ರ ಮಾತ ಬ್ಯಾರೆ."

ನೌಕರಿ ಎಲ್ಲಿಂದ ಸಿಗಬೇಕು? ಆದರೆ ಆ ವಾರವೇ ಮುಂಬೈಯ ಒಂದು ಕಾರ್ಟೂನು ಕಂಪನಿಯಿಂದ ಶಾಲೆಗೆ ಪ್ರಕಟಣೆ ಬಂತು. ಕಿಲೋ ತೂಕದ ಬಗ್ಗೆ ಜನಕ್ಕೆ ತಿಳಿಸುವ ಸಣ್ಣ ಚಿತ್ರ ಮಾಡುವವರಿದ್ದರು. ಅದಕ್ಕೆ ಪೇಟೆಗೆ ಹೊರಟ ಒಬ್ಬ ಗೃಹಿಣಿ ಬೇಕು. ಹಾಳೆಗಳನ್ನು ಫರಫರ ತಿರುವಿದರೆ ಅವಳು ನಡೆಯಬೇಕು. ಹಾಗೆ ಬರೆದು ಕಳಿಸಿದವರಲ್ಲಿ ಒಬ್ಬರಿಗೆ ಕೆಲಸ. ಬೊಂಬೆ ಬೇಡ, ನೋಡಿದವರು ಇವಳನ್ನು ಎಲ್ಲೋ ಕಂಡಿದ್ದೇವೆ ಎನ್ನಬೇಕು ಎಂದು ಕೆಳಗೆ ಗೆರೆ ಹಾಕಿದ್ದರು.

ಅರ್ಜುನಪ್ಪನಿಗೆ ಆ ಮಾತು ಎದೆಗೆ ತಾಗಿತು. ಚಿಕ್ಕವನಿದ್ದಾಗ ಟಾಕೀಜಿನಲ್ಲಿ, ಸಿನಿಮಾಕ್ಕೆ ಮೊದಲು ತೋರಿಸಿದ ಕಾರ್ಟೂನಿನಲ್ಲಿ ಗೆರೆಯ ಆಡೊಂದು ಕೆಸರಿನಲ್ಲಿ ಜಾರಿ ಬಿದ್ದಿತ್ತು. ಪಕ್ಕದಲ್ಲಿ ಕೂತ ಮುದುಕಿ "ಪಾಪ, ಕಾಲ ಉಳಕಿತೇನ" ಎಂದಿದ್ದಳು. ನಾಲ್ಕು ಗೆರೆಗೆ ಕಾಲು ಉಳುಕುತ್ತದೆಂದು ಒಬ್ಬ ಶಾಣ್ಯಾ ಮುದುಕಿ ನಂಬಿದ್ದು ಹೇಗೆ ಎಂಬುದೇ ಅಂದಿನಿಂದ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಎಂಟು ದಿನದಲ್ಲಿ ಒಬ್ಬ ಹೆಂಗಸನ್ನು ಬರೆದು ಚಿತ್ರಕಲಾ ಶಾಲೆಯ ಬಾಳಕೃಷ್ಣ ಮಾಸ್ತರರ ಮುಂದಿಟ್ಟ. ಮಾಳಮಡ್ಡಿಯ ಬಾಳಕೃಷ್ಣ ಮಾಸ್ತರರು ಹಾಳೆ ತಿರುವಿ, ಕನ್ನಡಕ ಒರೆಸಿ, ಮತ್ತೆ ತಿರುವಿದರು.

"ಇಕಿ ನಡೀಲಿಕ್ಕೆ ಹತ್ತಿಲ್ಲಪಾ, ತೇಲ್ಲಿಕ್ಕೆ ಹತ್ಯಾಳ. ಗಾಳಿ ತುಂಬಿದ ಫುಗ್ಗಾಕ್ಕ ಸೀರಿ ಉಡಿಸಿದಂಗ ಅದ. ಕಣ್ಣು, ಮೂಗು, ಮೋತಿ ಎಲ್ಲಾ ಛಂದ ಅದ ಖರೇ, ಆದ್ರ ಇಕಿ ತೂಕ ಎಷ್ಟು ಅಂತ ಯಾರರ ಕೇಳಿದ್ರ ಏನ ಹೇಳ್ತಿ?"

ಅರ್ಜುನಪ್ಪ ಹಾಳೆಗಳನ್ನು ಕಟ್ಟಿಕೊಂಡು ಎದ್ದ. ಕಿಲೋ ಚಿತ್ರದ ನಾಯಕಿಗೇ ತೂಕವಿರಲಿಲ್ಲ.

ಮರುದಿನದಿಂದ ಅವನು ನಡಿಗೆ ಹುಡುಕಲು ಹೊರಟ. ಕಾಯಿಪಲ್ಲೆ ಪೇಟೆಯಲ್ಲಿ ನಿಂತು ಹೆಂಗಸರ ಕಾಲು ನೋಡತೊಡಗಿದ. ಪರರ ಹೆಂಗಸರ ಕಾಲು ನೋಡುತ್ತ ನಿಲ್ಲುವ ಹುಡುಗನಿಗೆ ಹುಬ್ಬಳ್ಳಿ ಪೇಟೆ ಎಷ್ಟು ಹೊತ್ತು ಜಾಗ ಕೊಟ್ಟೀತು? ಒಬ್ಬಳು ಸೆರಗು ಎಳೆದುಕೊಂಡು ದಾರಿ ಬದಲಿಸಿದಳು. ಬದನೆಕಾಯಿ ಮಾರುವ ಸಾವಕ್ಕ ನೇರವಾಗಿಯೇ ಕೇಳಿದಳು.

"ಏನ್ ಕಳಕೊಂಡೀಯೋ ತಮ್ಮಾ?"

"ಏನಿಲ್ಲಬೇ."

"ಮತ್ತ ನೆಲಾ ಯಾಕ ಹುಡಕಾಕತ್ತಿ? ತಗೊಳಾಂವಿದ್ರ ತಗೊ, ಇಲ್ಲಾಂದ್ರ ಗಿರಾಕಿಗೆ ದಾರಿ ಬಿಡು."

ಸರಿ, ಮನೆಯಲ್ಲೇ ನೋಡೋಣವೆಂದು ತಾಯಿ ಶೇವಂತೆವ್ವನನ್ನು ಹಿಡಿದ.

"ಯವ್ವಾ, ಈ ಬಾಗಲದಿಂದ ಆ ಬಾಗಲತನಕ ಒಂದೀಟ ನಡಿ."

"ಎದಕ?"

"ಸುಮ್ನ."

"ಸುಮ್ನ ಯಾರ ನಡೀತಾರ? ಅಲ್ಲೇನರ ಇಟ್ಟೀಯೇನು?"

"ಇಲ್ಲ. ನೀ ನಡಿ, ನಾ ನೋಡ್ತೇನಿ."

ಶೇವಂತೆವ್ವ ನಡೆದಳು. ಆದರೆ ಮಗ ನೋಡುತ್ತಿದ್ದಾನೆಂದು ನಗು ಬಂದು, ಸೊಂಟಕ್ಕೆ ಕೈ ಕೊಟ್ಟು, ನಾಟಕದ ರಾಜನ ಹಾಗೆ ಹೆಜ್ಜೆ ಹಾಕಿದಳು. ಇನ್ನೊಮ್ಮೆ ಅಂದದ್ದಕ್ಕೆ ರೊಟ್ಟಿ ಸೀದು ಹೋಗುತ್ತದೆಂದು ಒಲೆಯ ಮುಂದೆ ಕೂತವಳು ಏಳಲೇ ಇಲ್ಲ.

ಓಣಿಯ ಕೊನೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ ಗುರುಶಿದ್ದಪ್ಪನ ಮನೆ. ಗಂಗಪ್ಪನ ಬಳಗದವನೇ, ದೂರದ ಸಂಬಂಧ. ಅವನ ಮಗಳು ರುಕ್ಮವ್ವ ದಿನಾ ನಳದಿಂದ ಕೊಡ ಹೊತ್ತು ಗಂಗಪ್ಪನ ಅಂಗಡಿಯ ಮುಂದೆ ಹಾಯುವಳು. ಅರ್ಜುನಪ್ಪ ಅವಳನ್ನು ಹುಟ್ಟಿದಾಗಿನಿಂದ ಕಂಡವನೇ, ಆದರೆ ನೋಡಿದ್ದು ಆ ವಾರ. ತುಂಬಿದ ಕೊಡದ ಭಾರ ಸೊಂಟಕ್ಕಿಳಿದು, ಸೊಂಟದಿಂದ ಹಿಮ್ಮಡಿಗಿಳಿದು, ನೆಲಕ್ಕೆ ಮುಟ್ಟುತ್ತಿತ್ತು. ಇದೇ ಬೇಕಾಗಿದ್ದದ್ದು. ಆದರೆ ಅವಳು ಹಾಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟರಲ್ಲಿ ಏನು ಬರೆಯಲಾದೀತು?

ಹಾಗಾಗಿ ಒಂದು ರವಿವಾರ ಬೆಳಗ್ಗೆ ಮಡಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಅವರ ಮನೆಗೇ ಹೋದ. ಚಿಕ್ಕಂದಿನಿಂದಲೂ ಗುರುಶಿದ್ದಪ್ಪನಿಗೆ ಮಾವಾ, ಅವನ ಹೆಂಡತಿ ದೇವಕ್ಕನಿಗೆ ಅತ್ತಿ ಎನ್ನುವುದು ರೂಢಿ.

"ಅತ್ತೀ, ರುಕ್ಮವ್ವ ಮನ್ಯಾಗ ಅದಾಳೇನ್ರಿ? ಒಂದೀಟ ನಡದ ತೋರಸಿದ್ರ ಛಲೋ ಆಗ್ತಿತ್ತು. ನಾ ನೋಡಬೇಕಾಗೇತಿ."

ದೇವಕ್ಕನ ಕೈಯೊಳಗಿನ ಮೊರ ಹಾಗೇ ನಿಂತಿತು. ನಮ್ಮ ಕಡೆ ಹುಡುಗಿಗೆ ನಡೆದು ತೋರಿಸು ಎನ್ನುವುದು ಒಂದೇ ಸಂದರ್ಭದಲ್ಲಿ. ಕನ್ಯಾ ನೋಡಲು ಬಂದವರು, ಕಾಲಲ್ಲಿ ಊನವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಕೊನೆಗೆ ಕೇಳುವ ಮಾತದು. ಅದನ್ನು ಹುಡುಗ ತಾನೇ ಬಂದು, ಮೊದಲಿಗೇ ಕೇಳುತ್ತಿದ್ದಾನೆ. ಕಲಿತವರ ರೀತಿ ಹೀಗೇ ಇರಬೇಕು ಎಂದುಕೊಂಡು ದೇವಕ್ಕ "ಕೂಡಪಾ" ಎಂದು ಕಂಬಳಿ ಹಾಸಿ, ಗಂಡನನ್ನು ಅಂಗಡಿಯಿಂದ ಕರೆಸಿದಳು. ಒಳಗೆ ಪೆಟಾರಿ ತೆಗೆದ ಸಪ್ಪಳ, ಬಳೆಯ ಸಪ್ಪಳ, ಒಗ್ಗರಣೆಯ ಸಪ್ಪಳ ಒಟ್ಟಿಗೇ ಕೇಳಿಸಿತು. ಅವಲಕ್ಕಿ ಬಂತು, ಚಹಾ ಬಂತು. ಅರ್ಜುನಪ್ಪ ಬಹಳ ಒಳ್ಳೆಯ ಜನ ಎಂದುಕೊಂಡು ಎಲ್ಲ ತಿಂದ.

ರುಕ್ಮವ್ವ ಇಳಕಲ್ ಸೀರೆಯುಟ್ಟು, ತಲೆ ತಗ್ಗಿಸಿ ಬಂದು, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಅರ್ಜುನಪ್ಪ ಮುಖ ನೋಡಲೇ ಇಲ್ಲ, ಹಿಮ್ಮಡಿ ನೋಡಿದ.

"ಹೊಳ್ಳಿ ಇನ್ನೊಮ್ಮೆ ನಡಿ. ಈಗ ಕೊಡಾ ಹೊತಗೊಂಡು."

ಗುರುಶಿದ್ದಪ್ಪ ಜೀವಮಾನವಿಡೀ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ ತಳದ ಮಾಲು ಮೇಲೆ ತೆಗೆದು ನೋಡಿದವನು. ಇಂಥ ಗಿರಾಕಿಯನ್ನು ಅವನೂ ಕಂಡಿರಲಿಲ್ಲ.

"ಹಲ್ಲೂ ನೋಡ್ತೀಯೇನಪಾ?" ಎಂದ.

"ಬ್ಯಾಡ್ರಿ ಮಾವಾ. ಬಾಯಿ ಕಾಣೂದಿಲ್ಲ, ಅದರದೇನ ಕೆಲಸಿಲ್ಲ," ಎಂದ ಅರ್ಜುನಪ್ಪ ಎದ್ದು ನಿಂತ. "ಛಲೋ ಆತ್ರಿ. ಹುಡುಕಾಡಿ ಹುಡುಕಾಡಿ ಸಾಕಾಗಿತ್ತು. ಇನ್ನ ಬ್ಯಾರೆ ಎಲ್ಲೂ ನೋಡೂದಿಲ್ಲ."

ಮನೆಗೆ ಹೋದವನೇ ಬಾಗಿಲು ಹಾಕಿಕೊಂಡು ಕೂತು ಬರೆದ. ಮಂಗಳವಾರ ಹಾಳೆಗಳನ್ನು ಒಯ್ದು ಮಾಸ್ತರರ ಮುಂದಿಟ್ಟ. ಮಾಸ್ತರರು ತಿರುವಿದರು. ಈ ಸಲ ಕನ್ನಡಕ ಒರೆಸಲಿಲ್ಲ.

"ಯಾರ ಮನಿಗೆ ಕನ್ಯಾ ನೋಡ್ಲಿಕ್ಕೆ ಹೋಗಿದ್ದಿ?"

"ಹಂಗಲ್ರಿ ಸರ. ಪ್ಯಾಟಿಗೆ ಹೊಂಟಾಳಲ್ರಿ ಇಕಿ."

"ಪ್ಯಾಟಿಗೆ ಹೋಗಾಕಿ ಹಿಂಗ ಕುತಗಿ ಬಗ್ಗಸ್ತಾಳೇನು? ಕೊಡಾ ಖಾಲಿ ಅದ, ಆದ್ರೂ ತುಂಬಿದಂಗ ಹೊತ್ತಾಳ. ಎಲ್ಲಾರೂ ತನ್ನ ನೋಡ್ಲಿಕ್ಕೆ ಹತ್ಯಾರ ಅಂತ ಆ ಹೆಜ್ಜಿಗೆ ಗೊತ್ತದ. ಭಾಳ ಖರೇ ತಗದೀಯಪಾ. ಆದ್ರ ಅವರು ಕೇಳಿದ್ದು ಇಕಿನ್ನಲ್ಲ."

ಅರ್ಜುನಪ್ಪ ಹಾಳೆ ತಿರುವಿ ನೋಡಿದ. ನೋಡುತ್ತಿದ್ದಂತೆ ಅವಲಕ್ಕಿ ನೆನಪಾಯಿತು, ಇಳಕಲ್ ಸೀರೆ ನೆನಪಾಯಿತು, ಹಲ್ಲಿನ ಮಾತೂ ನೆನಪಾಯಿತು. ಬಂದ ರೈಲಿಗೇ ಹುಬ್ಬಳ್ಳಿಗೆ ಓಡಿದ.

ಅಷ್ಟರಲ್ಲಿ ಗುರುಶಿದ್ದಪ್ಪ ಸಕ್ಕರೆ, ಕಾಯಿ ಹಿಡಿದು ಗಂಗಪ್ಪನ ಅಂಗಡಿಯಲ್ಲಿ ಕೂತಾಗಿತ್ತು. ಗಂಗಪ್ಪನ ಸಂತೋಷ ಹೇಳತೀರದು. ಹೆಂಡತಿ ಬಂದರೆ ಹುಡುಗ ಮುಂಬೈ ಮರೆತಾನು, ಗಾದಿಗೆ ತಾನಾಗಿ ಬಂದಾನು ಎಂಬ ಲೆಕ್ಕ ಅವನದು. ಅರ್ಜುನಪ್ಪ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದ.

ಗುರುಶಿದ್ದಪ್ಪ ಸಕ್ಕರೆಯ ಪೊಟ್ಟಣಕ್ಕೆ ಮತ್ತೆ ದಾರ ಸುತ್ತಿದ. "ಚಿತ್ರಕ್ಕ ನೋಡಿದಿ. ಆತು. ನಾಳೆ ಓಣ್ಯಾಗ ಹುಡುಗ ನಡಸಿ ನೋಡಿ ಬ್ಯಾಡ ಅಂದ ಅಂತಾರ. ಆಗ ನಾ ಏನ ತೋರಸಲಿ, ನಿನ್ನ ಚಿತ್ರಾನ?"

ಓಣಿ ಹಾಗೇ ಅಂದಿತು. ಕಾಲಲ್ಲಿ ಏನೋ ಇದ್ದೀತು ಎಂದು ಇಬ್ಬರು, ಇಲ್ಲದಿದ್ದರೆ ಕೊಡ ಹೊರಿಸಿ ಯಾಕೆ ನೋಡಿದ ಎಂದು ಮತ್ತಿಬ್ಬರು. ಗಂಗಪ್ಪ ಮಗನೊಡನೆ ಮಾತು ಬಿಟ್ಟ, ಗಾದಿಯ ಮೇಲೆ ಒರಗಲು ಇನ್ನೊಂದು ಲೋಡು ತಂದಿರಿಸಿದ. ದೀಪಾವಳಿ ಹತ್ತಿರವಾಗಿತ್ತು, ಅದಕ್ಕೆ ಮೊದಲೇ ಚಿತ್ರ ಮುಂಬೈ ಮುಟ್ಟಬೇಕಿತ್ತು. ಅರ್ಜುನಪ್ಪನ ಹತ್ತಿರ ಇದ್ದದ್ದು ಒಂದು ಫುಗ್ಗಾ, ಒಬ್ಬ ಮದುವಣಗಿತ್ತಿ.

ಗುರುವಾರ ಮಧ್ಯಾಹ್ನ ಗಂಗಪ್ಪ ಊಟಕ್ಕೆ ಹೋಗಿ ಅರ್ಜುನಪ್ಪನೊಬ್ಬನೇ ಅಂಗಡಿಯಲ್ಲಿದ್ದಾಗ ರುಕ್ಮವ್ವ ಬಂದಳು. ತಲೆ ತಗ್ಗಿಸಿರಲಿಲ್ಲ.

"ಬಾವಿ ಹಗ್ಗ ಕೊಡು."

ಕೊಟ್ಟ. ಅವಳು ಸುರುಳಿ ಬಿಚ್ಚಿ, ಎಳೆ ಎಳೆ ಹಿಡಿದು ಜಗ್ಗಿ ನೋಡಿದಳು.

"ಅವತ್ತ ನಮ್ಮ ಮನ್ಯಾಗ ಎಲ್ಲಾರನ್ನೂ ಕೇಳಿದಿ. ನನ್ನ ಕೇಳಿದಿಯೇನು?"

"ಇಲ್ಲ."

"ಈಗ ಎಲ್ಲಿ ಹ್ವಾದ್ರೂ ನನ್ನ ಕಾಲ ನೋಡ್ತಾರ. ನಳದ ಕಡೆ ಹೋಗಾಕ ಬ್ಯಾಸರಾಗೇತಿ. ನೌಕರಿ ನಿಂದು, ಕುಂಟಿ ನಾನು."

ಹಗ್ಗ ಹೆಗಲಿಗೆ ಎಸೆದುಕೊಂಡು ಹೊರಟುಬಿಟ್ಟಳು. ಬಿಸಿಲಿನಲ್ಲಿ ಆ ಹಿಮ್ಮಡಿಗಳು ನೆಲಕ್ಕೆ ಒಂದೊಂದು ಮಾತು ಹೇಳಿಕೊಂಡೇ ಹೋದವು. ಹಗ್ಗದ ಭಾರಕ್ಕೆ ಒಂದು ಹೆಗಲು ಇಳಿದಿತ್ತು, ಸಿಟ್ಟಿಗೆ ಇನ್ನೊಂದು ಹೆಗಲು ಏರಿತ್ತು. ಅರ್ಜುನಪ್ಪನ ಕೈ ಸೀಸಕಡ್ಡಿಗೆ ಹೋಯಿತು, ಅಲ್ಲೇ ನಿಂತಿತು. ಅಂಗಡಿಯನ್ನು ತೆರೆದೇ ಬಿಟ್ಟು ಹಿಂದೆ ಓಡಿದ.

"ರುಕ್ಮವ್ವಾ, ಈಗ ಕೇಳಾಕತ್ತೇನಿ. ಈ ನಡಗಿ ಚಿತ್ರದಾಗ ತಗೀಲೇನು?"

ಅವಳು ನಿಂತಳು. ವ್ಯಾಪಾರಿಯ ಮಗಳು, ಬರಿಗೈಲಿ ಹೂಂ ಅನ್ನುವವಳಲ್ಲ.

"ಮೊದಲ ನಳದ ಕಡೆ ಬಂದು ಎಲ್ಲಾರ ಮುಂದ ಹೇಳು, ತಪ್ಪು ಯಾರದಂತ. ಮ್ಯಾಲೆ, ಚಿತ್ರದಾಗ ಮೋತಿ ನಂದಿರಬಾರದು."

ಮರುದಿನ ಮುಂಜಾನೆ, ನೀರು ಬಿಡುವ ಹೊತ್ತಿಗೆ, ಹಗ್ಗದ ಗಂಗಪ್ಪನ ಮಗ ನಳದ ಕಟ್ಟೆಯ ಮೇಲೆ ನಿಂತು, ತಾನು ಕನ್ಯಾ ನೋಡಲು ಹೋಗಿರಲಿಲ್ಲ, ಚಿತ್ರ ಬರೆಯಲು ಹೋಗಿದ್ದೆ, ಹೇಳದೆ ಕೇಳದೆ ನಡೆಸಿದ್ದು ತನ್ನದೇ ಬುದ್ಧಿಗೇಡಿತನ ಎಂದು ಹೇಳಿದ. ಹೆಂಗಸರು ನಕ್ಕರು. ನಕ್ಕರು ಎಂದರೆ ಒಪ್ಪಿದರು ಎಂದೇ ಅರ್ಥ. ಒಪ್ಪದಿದ್ದರೆ ಬಿಂದಿಗೆ ಸರಿಸಿ ಸುಮ್ಮನಾಗುತ್ತಿದ್ದರು.

ಆಮೇಲೆ ಬರೆದ. ಇವಳು ಸುಮ್ಮನೆ ಪೇಟೆಗೆ ಹೊರಟವಳಲ್ಲ. ಅಂಗಡಿಯವನು ಕಿಲೋದಲ್ಲಿ ಕಡಿಮೆ ತೂಗಿದ್ದಾನೆಂದು ಬೇಳೆಯ ಚೀಲ ಹೆಗಲಿಗೆ ಹಾಕಿಕೊಂಡು ಕೇಳಲು ಹೊರಟವಳು. ಮುಖಕ್ಕೆ ತಾಯಿಯ ಗಲ್ಲ ತಂದ, ಸಾವಕ್ಕನ ಕಣ್ಣು ತಂದ, ಮೂಗು ಮಾತ್ರ ಗಂಗಪ್ಪನದು. ಮುಗಿಸಿ ಮೊದಲು ಮಾಸ್ತರರಿಗೆ ತೋರಿಸಲಿಲ್ಲ. ನಳದ ಕಟ್ಟೆಗೆ ಒಯ್ದು ಹೆಂಗಸರ ಮುಂದೆ ಫರಫರ ತಿರುವಿದ.

"ಅಯ್ಯ, ಯಾರ ಜೋಡಿ ಜಗಳಕ್ಕ ಹೊಂಟಾಳ ಇಕಿ?" ಎಂದಳು ಒಬ್ಬಳು.

"ಯಾರರ ಆಗಲಿ, ಅವನ ಕತಿ ಮುಗೀತು," ಎಂದಳು ಇನ್ನೊಬ್ಬಳು.

ರುಕ್ಮವ್ವ ನೋಡಿದಳು, ಕೊಡ ಎತ್ತಿಕೊಂಡು ಹೋದಳು.

ಪಾಡ್ಯದ ದಿನ ಗಂಗಪ್ಪ ಪೂಜೆಗೆ ಕರೆದ. ಟಪಾಲಿನಲ್ಲಿ ಕಳಿಸಿದ ಹಾಳೆಗಳ ಬಗ್ಗೆ ಮುಂಬೈಯಿಂದ ಇನ್ನೂ ಸುದ್ದಿಯಿರಲಿಲ್ಲ. ಕೊಟ್ಟ ಮಾತಿನಂತೆ ಅರ್ಜುನಪ್ಪ ಗಾದಿಯ ಮೇಲೆ ಕೂತು ತುಳಸಿ ಲಗ್ನದವರೆಗೆ ಹಗ್ಗ ಅಳೆದ. ಮುಂಬೈಯ ಕಂಪನಿಯಿಂದ ಕೆಲಸಕ್ಕೆ ಕರೆ ಬಂದ ದಿನ ಗಂಗಪ್ಪ ಬಹಳ ದಿನದ ಮೇಲೆ ಮಾತಾಡಿದ. "ಅಂವಗ ನನ್ನ ಮೂಗ ಮನಸಿಗೆ ಬಂದಿರಬೇಕು, ಇಲ್ಲಾಂದ್ರ ಯಾರ ಕೊಡತಾರ ಇವಗ ಪಗಾರ?" ಎಂದು, ಟ್ರಂಕಿಗೆ ಕಟ್ಟಲು ಅಂಗಡಿಯಲ್ಲಿನ ಒಂದನೇ ನಂಬರಿನ ಹಗ್ಗ ತೆಗೆದುಕೊಟ್ಟ.

ಎರಡು ವರ್ಷದ ಮೇಲೆ ಆ ಚಿತ್ರ ಹುಬ್ಬಳ್ಳಿಯ ಟಾಕೀಜಿಗೆ ಬಂತು. ರುಕ್ಮವ್ವ ಅಷ್ಟರಲ್ಲಿ ಹಾವೇರಿಯ ಒಬ್ಬ ಸಾಲಿ ಮಾಸ್ತರನ ಹೆಂಡತಿಯಾಗಿದ್ದಳು. ಅವಳನ್ನು ನೋಡಲು ಬಂದವರೂ ಕೊನೆಗೆ ನಡೆದು ತೋರಿಸು ಅಂದಿದ್ದರಂತೆ, ಇವಳು ಆ ಮಾಸ್ತರನಿಗೂ ಎದ್ದು ನಡೆಯಲು ಹೇಳಿದ್ದಳಂತೆ. ರಜೆಗೆ ಬಂದ ಅರ್ಜುನಪ್ಪ ಗುರುಶಿದ್ದಪ್ಪನನ್ನು ಟಾಕೀಜಿಗೆ ಕರೆದೊಯ್ದ. ಬೇಳೆಯ ಚೀಲದವಳು ಪರದೆಯ ಮೇಲೆ ಹಿಮ್ಮಡಿ ಊರಿ ಬಂದಳು, ಅಂಗಡಿಯವನು ಬೆರಳಿನಿಂದ ತಕ್ಕಡಿ ಒತ್ತಿದ, ಸಿಕ್ಕಿಬಿದ್ದ, ಕಿಲೋ ಗೆದ್ದಿತು.

"ಹೆಂಗ ಅನಸ್ತು, ಮಾವಾ?"

"ಹೆಣ್ಣಮಗಳು ಖರೇ ಅದಾಳ. ನನ್ನ ಅಂಗಡಿಗೆ ಬಂದಿದ್ರ ಮಾತಾಡದ ಒಂದು ಮುಷ್ಟಿ ಹೆಚ್ಚಿಗೆ ಹಾಕಿ ಕಳಸ್ತಿದ್ದೆ," ಎಂದ ಗುರುಶಿದ್ದಪ್ಪ. "ಅಂಗಡಿಯವ ಸುಳ್ಳ. ಅಷ್ಟು ಕಾಣೂಹಂಗ ಬಟ್ಟ ಒತ್ತಾಂವ ಹುಬ್ಬಳ್ಳಿ ಪ್ಯಾಟ್ಯಾಗ ಒಂದ ಸಂತಿನೂ ಬಾಳೂದಿಲ್ಲ. ಅಂವನ ಚಿತ್ರ ತಗದಾಂವ ಯಾರು?"

"ಮುಂಬೈದವರು ಯಾರೋ."

"ಅವಗ ಹೇಳು, ಯಾವದರ ಅಂಗಡ್ಯಾಗ ನಾಕ ದಿನ ಕುಂದರಂತ."

ಅರ್ಜುನಪ್ಪ ಹೂಂ ಅಂದ. ಮುಖ್ಯ ಸಿನಿಮಾ ಶುರುವಾಗಿತ್ತು, ಹಿಂದಿನ ಸಾಲಿನವರು ಇಬ್ಬರಿಗೂ ಸುಮ್ಮನಿರಿ ಎಂದರು.