ಬಲದಿಂದ ತೆರೆಯುವ ಪುಸ್ತಕ

ಲವಂಗದ ಡಬ್ಬಿ ತೆರೆದರೆ ಎಲ್ಲರಿಗೂ ಅಡುಗೆ ನೆನಪಾಗುತ್ತದೆ. ನನಗೆ ಕಪ್ಪು ಮಸಿ ನೆನಪಾಗುತ್ತದೆ. ಆರ್.ಟಿ. ನಗರದ ನಮ್ಮ ಕಟ್ಟಡದ ನೆಲಮಹಡಿಯಲ್ಲಿದ್ದ ಚಾಚಾ, ಮಸಿ ಬೂಷ್ಟು ಹಿಡಿಯದಿರಲೆಂದು ಕುಡಿಕೆಯೊಳಗೆ ಎರಡು ಲವಂಗ ಹಾಕಿಡುತ್ತಿದ್ದರು. ಮೊನ್ನೆ ಬೆಳಿಗ್ಗೆ ಪಲಾವಿಗೆಂದು ಡಬ್ಬಿಯ ಮುಚ್ಚಳ ತೆಗೆದವಳು ಒಲೆಯ ಮೇಲಿನ ಪಾತ್ರೆಯನ್ನೇ ಮರೆತು ನಿಂತುಬಿಟ್ಟೆ...

ಯೌವನದಲ್ಲಿ ಅವರು ಸಿನಿಮಾ ಬ್ಯಾನರುಗಳಿಗೆ ನಾಯಕಿಯರ ಮುಖ ಬರೆದವರು. ಆಮೇಲೆ ಉರ್ದು ಮದುವೆ ಕಾರ್ಡುಗಳನ್ನು ಬಿದಿರಿನ ಲೇಖನಿಯಿಂದ ಬರೆಯುವ ಕೆಲಸ ಹಿಡಿದರು. ಆ ಕೆಲಸವನ್ನು ಕಂಪ್ಯೂಟರ್ ಕಿತ್ತುಕೊಂಡ ಮೇಲೂ ದಿನಾ ಬೆಳಿಗ್ಗೆ ಕುಡಿಕೆ ತೆರೆದು ಕೂರುವುದನ್ನು ಅವರು ಬಿಟ್ಟಿರಲಿಲ್ಲ. ನಾನಾಗ ಎಂ.ಎ. ಮುಗಿಸಿ ಅಂತರ್ಜಾಲದಲ್ಲಿ ಲೈಟ್ ನಾವೆಲ್ ಎನ್ನುವ ಬಗೆಯ, ಹರೆಯದವರ ಒಂದು ಹಗುರ ಕಾದಂಬರಿಯನ್ನು ಕಂತುಗಳಲ್ಲಿ ಬರೆದಿದ್ದೆ. ಕೆರೆಯ ತೂಬು ಕಾಯುವ ಹುಡುಗಿಗೂ ನೀರಿನಡಿಯ ನಗರದ ರಾಜಕುಮಾರನಿಗೂ ಹುಟ್ಟುವ ಪ್ರೀತಿಯ ಕಥೆ ಅದು. ಅವರಿಬ್ಬರ ನಡುವೆ ಒಂದೇ ನಿಯಮ: ಅವಳು ಅವನ ಎಡಗೈ ಹಿಡಿದರೆ ಅವನಲ್ಲಿ ಅವಳ ನೆನಪು ಉಳಿಯುತ್ತದೆ, ಬಲಗೈ ಹಿಡಿದರೆ ಅಳಿಸಿಹೋಗುತ್ತದೆ. ಇದನ್ನು ಮಾಂಗಾ ಮಾಡಬೇಕು, ಜಪಾನಿನ ರೀತಿಯ ಚಿತ್ರಕಥೆಯಾಗಿಸಬೇಕು ಎಂಬ ಹುಚ್ಚು ಹಿಡಿದಾಗ ನಾನು ತಟ್ಟಿದ್ದು ಚಾಚಾ ಮನೆಯ ಬಾಗಿಲನ್ನು.

ಅವರು ಕನ್ನಡವನ್ನು ನಿಧಾನವಾಗಿ ಓದುತ್ತಿದ್ದರು. ಆದ್ದರಿಂದ ನಾನು ಗಟ್ಟಿಯಾಗಿ ಓದುವುದು, ಅವರು ಕೇಳುತ್ತ ಬರೆಯುವುದು ಎಂದಾಯಿತು. ವಿರಹದ ಬಗ್ಗೆ ನಾನು ಎರಡು ಪುಟ ಸುರಿದಿದ್ದ ಕಡೆ ಅವರು ಲೇಖನಿ ಎತ್ತಿ ನನ್ನನ್ನು ತಡೆದರು.

"ಇಷ್ಟೆಲ್ಲಾ ಯಾಕೆ ಬೇಟಾ? ಅವಳು ಎರಡು ತಟ್ಟೆ ಹಾಕಿ, ಒಂದನ್ನ ವಾಪಸ್ ತೆಗೀತಾಳೆ. ಮುಗೀತು."

ಅಷ್ಟನ್ನೇ ಬರೆದರು. ವಿಶ್ವವಿದ್ಯಾಲಯ ನನಗೆ ಕಲಿಸದ ಪಾಠವನ್ನು ಎರಡು ತಟ್ಟೆಗಳು ಕಲಿಸಿದವು.

ಹನ್ನೆರಡು ಪುಟ ಮುಗಿದ ಮೇಲಷ್ಟೇ ನನಗೊಂದು ಸಂಗತಿ ಹೊಳೆಯಿತು. ಪ್ರತಿ ಪುಟದ ಮೊದಲ ಚಿತ್ರ ಬಲತುದಿಯಲ್ಲಿತ್ತು. ಕಥೆ ಉರ್ದು ಬರಹದಂತೆ ಅಲ್ಲಿಂದ ಎಡಕ್ಕೆ ಹರಿಯುತ್ತಿತ್ತು.

"ಚಾಚಾ, ಕನ್ನಡದೋರು ಎಡದಿಂದ ಓದ್ತಾರೆ."

"ಗೊತ್ತಮ್ಮಾ, ಎಷ್ಟು ಕನ್ನಡ ಬೋರ್ಡ್ ಬರ್ದಿಲ್ಲ ನಾನು? ಆದ್ರೆ ಕಥೆ ಅಂದ್ರೆ ಈ ಕೈ ಬಲದಿಂದಾನೇ ಹೊರಡುತ್ತೆ. ಏನ್ ಮಾಡ್ಲಿ?"

ಜಪಾನಿನಲ್ಲೂ ಬಲದಿಂದಲೇ ಓದುತ್ತಾರೆ ಎಂದೆ. ಅವರ ಮುಖ ಅರಳಿತು. "ಹಂಗಾದ್ರೆ ಅವರು ನಮ್ಮೋರೇ. ಮೊದ್ಲೇ ಹೇಳ್ಬಾರ್ದಾ?"

ಪುಸ್ತಕ ಹಾಗೆಯೇ ಇರಲಿ ಎಂದು ನಿಶ್ಚಯಿಸಿದೆವು. ಕೊನೆಯ ಪುಟದಲ್ಲಿ ಹುಡುಗಿ ರಾಜಕುಮಾರನ ಎಡಗೈ ಹಿಡಿದು ದಡಕ್ಕೆ ಎಳೆಯುವ ಚಿತ್ರವಿತ್ತು. ಅದರ ಮೂಲೆಯ ಬಳ್ಳಿಯ ಸುರುಳಿಯೊಳಗೆ ಚಾಚಾ ಉರ್ದುವಿನಲ್ಲಿ ತಮ್ಮ ಹೆಸರು ಬರೆದರು. ಬದುಕಿಡೀ ಬೇರೆಯವರ ಮದುವೆಯ ಹೆಸರುಗಳನ್ನು ಬರೆದ ಕೈ ಅದು. ತನ್ನದನ್ನು ಬರೆಯಲು ಅರ್ಧ ಮುಂಜಾನೆ ತೆಗೆದುಕೊಂಡಿತು.

ಯಶವಂತಪುರದ ಒಬ್ಬ ಪ್ರಕಾಶಕರು ಒಪ್ಪಿದರು. ಒಪ್ಪಂದದಲ್ಲಿ ಚಿತ್ರಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಕರಡು ಬಂದಾಗ ನನ್ನ ಮಾತುಗಳ ಒತ್ತಕ್ಷರಗಳನ್ನಷ್ಟೇ ತಿದ್ದಿ ಕಳಿಸಿದೆ. ಇದನ್ನು ಮುಚ್ಚಿಡುವ ಹಕ್ಕು ನನಗಿಲ್ಲ.

ಅಚ್ಚಾದ ಪ್ರತಿಯನ್ನು ಚಾಚಾ ಅಭ್ಯಾಸಬಲದಿಂದ ಬಲಗಡೆಯಿಂದ ತೆರೆದರು. ಸಿಕ್ಕಿದ್ದು ಕೊನೆಯ ಪುಟ. ಮೂಲೆಯ ಬಳ್ಳಿಯ ಮೇಲೆ ಬೆರಳಿಟ್ಟು, ಪುಟವನ್ನು ನನ್ನತ್ತ ತಿರುಗಿಸಿದರು.

"ನನ್ನ ಹೆಸರು ಉಲ್ಟಾ ಆಗಿದೆ, ಬೇಟಾ."

ಓದುಗರಿಗೆ ಸುಲಭವಾಗಲೆಂದು ಪ್ರಕಾಶಕರು ಎಲ್ಲ ಚಿತ್ರಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದ್ದರು. ಮುಖಪುಟದಲ್ಲಿ ನನ್ನೊಬ್ಬಳ ಹೆಸರು, ಒಳಗೆ, "ಚಿತ್ರಗಳು: ನಮ್ಮ ಕಲಾ ವಿಭಾಗ." ಹೋಗಲಿ ಬಿಡು, ಪುಸ್ತಕ ಬಂತಲ್ಲ ಎಂದರು ಚಾಚಾ. ನಾನು ಬಿಡಲಿಲ್ಲ. ಮೂಲ ಚಿತ್ರವನ್ನೂ ಪುಸ್ತಕವನ್ನೂ ಹಿಡಿದು ಮರುದಿನವೇ ಯಶವಂತಪುರಕ್ಕೆ ಹೋದೆ.

"ಚಿತ್ರ ಚಿತ್ರಾನೇ ಕಣ್ರೀ, ಯಾವ ಕಡೆಯಿಂದ ನೋಡಿದ್ರೇನು?" ಎಂದರು ಪ್ರಕಾಶಕರು.

"ಅವಳು ಯಾವ ಕೈ ಹಿಡಿದಿದ್ದಾಳೆ ನೋಡಿ ಹೇಳಿ, ಸರ್."

ಅವರು ಪುಟ ನೋಡಿದರು. ತಮ್ಮ ಕೈಗಳನ್ನೂ ಒಮ್ಮೆ ನೋಡಿಕೊಂಡರು. "ಬಲಗೈ."

"ಅಂದ್ರೆ ಕಥೆ ಏನಾಯ್ತು?"

ಅವರು ಪುಟವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕಥೆಯನ್ನು ಅವರು ಓದಿದ್ದರು. ಅವರ ಪುಸ್ತಕದಲ್ಲಿ ಆ ಹುಡುಗಿ ತಾನು ಪ್ರೀತಿಸಿದವನನ್ನು ಉಳಿಸಿಕೊಳ್ಳುವ ಬದಲು ಅವನಲ್ಲಿದ್ದ ತನ್ನ ನೆನಪನ್ನೇ ಅಳಿಸುತ್ತಿದ್ದಳು. ಮೂಲೆಯ ಬಳ್ಳಿಯನ್ನು ತೋರಿಸಿ, ಇದೇನು ಎಂದು ಕೇಳಿದೆ. ಡಿಸೈನ್ ಅಂದುಕೊಂಡಿದ್ದೆವು ಎಂದರು. "ಅದು ಇದನ್ನ ಬರೆದವರ ಹೆಸರು," ಎಂದೆ.

ನನ್ನ ಬೇಡಿಕೆಗಳು ಸ್ಪಷ್ಟವಾಗಿದ್ದವು. ಮಾರಾಟ ನಿಲ್ಲಬೇಕು. ಪುಟಗಳು ಬಲದಿಂದಲೇ ಅಚ್ಚಾಗಬೇಕು. ಮುಖಪುಟದಲ್ಲಿ ಚಾಚಾ ಹೆಸರು ನನ್ನ ಹೆಸರಿನಷ್ಟೇ ದೊಡ್ಡದಾಗಿರಬೇಕು. ಆದ ತಪ್ಪನ್ನು ಪುಸ್ತಕದೊಳಗೇ ಒಪ್ಪಿಕೊಳ್ಳಬೇಕು. ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಅವರು ಎದ್ದರು. ನಾನು ಮನೆಗೆ ಬಂದು, ಕಾದಂಬರಿ ಕಂತುಗಳಲ್ಲಿ ಬಂದಿದ್ದ ಅಂತರ್ಜಾಲದ ಜಾಗದಲ್ಲೇ ಮೂಲ ಪುಟವನ್ನೂ ಅಚ್ಚಾದ ಪುಟವನ್ನೂ ಅಕ್ಕಪಕ್ಕ ಇಟ್ಟೆ. ಕೆಳಗೆ, ಕರಡು ನೋಡಿಯೂ ಚಿತ್ರ ತಿರುಗಿದ್ದನ್ನು ಗಮನಿಸದ ನನ್ನ ಪಾಲಿನ ತಪ್ಪನ್ನೇ ಮೊದಲು ಬರೆದೆ. ಆಮೇಲೆ ಅವರದ್ದು.

ಓದುಗರು ಸುಮ್ಮನಿರಲಿಲ್ಲ. ಬಲಗೈ ಪುಸ್ತಕ ನಮಗೆ ಬೇಡ ಎಂದು ಚೀಟಿ ಅಂಟಿಸಿದ ಪ್ರತಿಗಳು ಅಂಚೆಯಲ್ಲಿ, ಕೊರಿಯರ್‌ನಲ್ಲಿ ಯಶವಂತಪುರಕ್ಕೆ ಮರಳತೊಡಗಿದವು. ಎರಡನೆಯ ವಾರ ಪ್ರಕಾಶಕರೇ ಫೋನು ಮಾಡಿದರು. ನನ್ನ ಯಾವ ಬೇಡಿಕೆಯನ್ನೂ ಚೌಕಾಸಿಗೆ ಇಡಲಿಲ್ಲ.

ಹೊಸ ಪ್ರತಿಯನ್ನು ಅವರೇ ಆರ್.ಟಿ. ನಗರಕ್ಕೆ ತಂದರು. ಚಾಚಾ ಅವರನ್ನು ಕೂರಿಸಿ, ಚಹಾ ಕೊಟ್ಟು, ಬಹಳ ಮರ್ಯಾದೆಯಿಂದ ಕೇಳಿದರು. "ನಿಮ್ಮ ಆಫೀಸಲ್ಲಿ ಕನ್ನಡಿ ಜಾಸ್ತಿ ಅಂತೆ ಸಾರ್, ಹೌದಾ?" ಪ್ರಕಾಶಕರು ಚಹಾದ ಲೋಟದೊಳಗೆ ನಕ್ಕರು. ಆಮೇಲೆ ತಲೆ ಎತ್ತಿ, ತಪ್ಪಾಯ್ತು ಎಂದರು.

ಮುಖಪುಟದ ಹೆಸರಿನ ಮೇಲೆ ಚಾಚಾ ಹೆಬ್ಬೆರಳು ಆಡಿಸಿದರು. ಮಸಿ ಹಸಿಯಿದೆಯೇ ಎಂದು ನೋಡುವ ಹಳೆಯ ಚಾಳಿ. ಕೊನೆಯ ಪುಟ ತೆಗೆದು, ಕೈ ಸರಿಯಾಗಿದೆ ಎಂದು ತಲೆಯಾಡಿಸಿ, ಕಣ್ಣು ಕಿರಿದು ಮಾಡಿದರು. "ಈ ಬೆರಳು ಮಾತ್ರ ಸ್ವಲ್ಪ ದಪ್ಪ ಆಯ್ತು. ಇದು ನನ್ನ ತಪ್ಪು, ಇವರ ಮೇಲೆ ಹಾಕ್ಬೇಡ." ಗೆದ್ದ ದಿನವೂ ತನ್ನ ತಪ್ಪನ್ನು ತಾನೇ ಹುಡುಕಿ ಒಪ್ಪಿಕೊಂಡ ಅವರಂಥವರನ್ನು ನಾನು ಇನ್ನೂ ಕಂಡಿಲ್ಲ.

ಚಾಚಾ ತೀರಿಕೊಂಡು ಒಂದು ವರ್ಷವಾಯಿತು. ನಾವು ಆರಂಭಿಸಿದ್ದ ಎರಡನೆಯ ಸಂಪುಟದ ಮೂರೇ ಪುಟಗಳು ಪೆನ್ಸಿಲಿನಲ್ಲಿ ಉಳಿದಿವೆ... ಉಳಿದ ಕಥೆ ಮಾತುಗಳಲ್ಲೇ ಇದೆ; ಅದು ಎಷ್ಟು ಬಡವಾಗಿದೆ ಎಂದು ನನಗೆ ಗೊತ್ತು.

ಆದರೆ ಆ ಪ್ರಕಾಶಕರು ಈಗ ಚಿತ್ರಕಾರರೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಎರಡು ಸಾಲು ಹೊಸದಾಗಿ ಸೇರಿವೆ: ಹೆಸರು ಮುಖಪುಟದಲ್ಲಿ ಇರತಕ್ಕದ್ದು; ಚಿತ್ರವನ್ನು ಬರೆದವರ ಒಪ್ಪಿಗೆಯಿಲ್ಲದೆ ತಿರುಗಿಸತಕ್ಕದ್ದಲ್ಲ. ಕಳೆದ ವಾರ ಅಲ್ಲಾಳಸಂದ್ರದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. ಅದೇ ಪ್ರಕಾಶಕರಿಗೆ ಅವಳು ಚಿತ್ರ ಬರೆಯುತ್ತಿರುವ ಮೊದಲ ಪುಸ್ತಕವಂತೆ.

"ಚಿತ್ರ ಯಾರಾದ್ರೂ ಯಾಕೆ ತಿರುಗಿಸ್ತಾರೆ ಅಕ್ಕಾ? ಈ ಸಾಲು ಬೇಕಾ?"

ಬೇಕು, ಸಹಿ ಹಾಕುವ ಮೊದಲು ಎರಡು ಸಲ ಓದಿಕೋ ಎಂದೆ. ಚಾಚಾ ಇದ್ದಿದ್ದರೆ, ಬಂದು ನಮ್ಮ ನೆಲಮಹಡಿಯ ಬಾಗಿಲು ತಟ್ಟಿ ಅವರನ್ನೇ ಕೇಳು ಎನ್ನುತ್ತಿದ್ದೆ.